ದಿನಾ ಬೆಳಿಗ್ಗೆ ಸಾಯಬೇಕಾದ ಬೋರ್ಡು

ನಮ್ಮ ಗದ್ದೆಬಯಲಿಗೆ ಬೆಳಿಗ್ಗೆ ಮೊದಲು ಇಳಿದವರು ಒಂದು ಕೂಗು ಹಾಕಬೇಕು: "ಬೇಲಿ ಸತ್ತದೇ!" ಕಾಡಂಚಿನುದ್ದಕ್ಕೂ ಆನೆಗೆಂದು ಎಳೆದ ಸೋಲಾರ್ ಬೇಲಿ ಅದು. ಅದರ ಬ್ಯಾಟರಿ, ಮೆಷಿನ್ನು ಎಲ್ಲ ಬಯಲಿನ ತಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗಿವೆ. ಪೆಟ್ಟಿಗೆಯ ಪಕ್ಕದಲ್ಲಿ ಹಳೆಯ ಕಾಲದ ಮೈನ್ ಸ್ವಿಚ್ಚು, ಅದಕ್ಕೆ ಗೇಣುದ್ದದ ಹಿಡಿ. ಮೊದಲು ಬಂದವರು ಆ ಹಿಡಿಯನ್ನು ಕೆಳಕ್ಕೆ ಎಳೆದು, ಕೂಗು ಹಾಕಿ, ಆಮೇಲೆಯೇ ನೀರಿಗೆ ಕಾಲಿಡುವುದು. ಕೇಳಿದವರು ಅದನ್ನು ಮುಂದಿನವರಿಗೆ ದಾಟಿಸುತ್ತಾರೆ. ತೋಡಿನ ಆಚೆ ದನ ಬಿಡುವವರ ತನಕ ಸುದ್ದಿ ಹೋಗುತ್ತದೆ. ಸಂಜೆ ಕೊನೆಗೆ ಹೊರಟವರು ಹಿಡಿಯನ್ನು ಮೇಲಕ್ಕೆ ನೂಕಿ "ಬೇಲಿ ಎದ್ದದೇ!" ಅನ್ನುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮನೆಯಲ್ಲಿ ಮಲಯಾಳಂ ಬಿಟ್ಟು ಬೇರೆ ಆಡದವರೂ ಈ ಎರಡು ಕೂಗನ್ನು ಕನ್ನಡದಲ್ಲೇ ಹಾಕುತ್ತಾರೆ.

ನಾನು ಹೇಳಹೊರಟಿರುವುದು ಒಂದು ಸಣ್ಣ ಕಂಪ್ಯೂಟರ್ ಬೋರ್ಡಿಗೆ ನನ್ನದೇ ಲಿನಕ್ಸ್, ಎಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಕಟ್ಟಿ ಎಬ್ಬಿಸಿದ ಸಂಗತಿ. ಆದರೆ ಆ ಹಿಡಿಯ ವಿಷಯ ಮೊದಲು ಹೇಳದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದನ್ನು ತಗ್ಗಿದ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ನೂಲ್ಪುಳದ ರಸ್ತೆಬದಿಯಲ್ಲಿ ನನ್ನದೊಂದು ಅಂಗಡಿ ಇದೆ. ಮೋಟಾರ್ ವೈಂಡಿಂಗ್, ಪಂಪು, ಮಿಕ್ಸಿ, ಇನ್ವರ್ಟರ್ ರಿಪೇರಿ. ಬತ್ತೇರಿ ಪೇಟೆಯಲ್ಲಿ ಆಗುವುದಿಲ್ಲವೆಂದು ವಾಪಸ್ ಕಳಿಸಿದ ಮೋಟಾರುಗಳು ನನ್ನ ಮೇಜಿನ ಮೇಲೆ ತಿರುಗಿವೆ. ಮಲಯಾಳಂ ಶಾಲೆಯಲ್ಲಿ ಕಲಿತದ್ದು, ಕನ್ನಡ ಬರೆಯುವುದು ಅಪ್ಪ ಹೇಳಿಕೊಟ್ಟದ್ದು. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ತಿಳಿಯದ ಸಾಲನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಅದು ತನಗೆ ತೋಚಿದಂತೆ ಹೇಳುತ್ತದೆ. ಅದು ಹೇಳಿದ್ದರಲ್ಲಿ ಅರ್ಧ ತಪ್ಪು. ಯಾವ ಅರ್ಧ ಎಂದು ಕೆಲಸ ಮಾಡಿ ನೋಡಿದರೆ ಗೊತ್ತಾಗುತ್ತದೆ.

ನನ್ನ ಅಕ್ಕನ ಗದ್ದೆ ಬಯಲಿನ ತುತ್ತತುದಿಯಲ್ಲಿದೆ, ಅದರ ಬದು ಮುಗಿದರೆ ಬೇಲಿ, ಬೇಲಿ ಮುಗಿದರೆ ಕಾಡು. ಭಾವ ಬತ್ತೇರಿಯಲ್ಲಿ ಬಾಳೆಕಾಯಿ ವ್ಯಾಪಾರ ಮಾಡುತ್ತಾರೆ. ಬೇಸಾಯಕ್ಕೆಲ್ಲ ಅಕ್ಕನದೇ ಯಜಮಾನಿಕೆ. ಆ ಗದ್ದೆಯಲ್ಲಿ ಅವಳು ಗಂಧಕಸಾಲೆ ಬೆಳೆಯುತ್ತಿದ್ದಳು. ಅನ್ನ ಬೇಯುವಾಗ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಂಥ ಅಕ್ಕಿ ಅದು. ಒಂದು ವರ್ಷ ತೆನೆಗೆ ಹಾಲು ತುಂಬಿದ್ದಾಗ ತೋಡಿನ ಆಚೆ ಒಣಮರವೊಂದು ತಂತಿಯ ಮೇಲೆ ಬಿತ್ತು. ಯಾರಿಗೂ ತಿಳಿಯಲಿಲ್ಲ. ಇಲ್ಲಿ ಪೆಟ್ಟಿಗೆಯಲ್ಲಿ ಲೈಟು ಉರಿಯುತ್ತಿತ್ತು, ಮೆಷಿನ್ನು ಟಿಕ್ ಟಿಕ್ ಅನ್ನುತ್ತಿತ್ತು. ಮರ ಬಿದ್ದ ಜಾಗದಿಂದ ಆಚೆಗೆ ಬೇಲಿಯಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯಲ್ಲಿ ನಿಂತ ಪೈರು ಇಲ್ಲ, ಬುಟ್ಟಿಯಗಲದ ಹೆಜ್ಜೆಗಳಲ್ಲಿ ನೀರು ನಿಂತಿತ್ತು. ಅಲ್ಲಿಂದ ಮೂರು ವರ್ಷ ಅಕ್ಕ ಆ ಗದ್ದೆಯನ್ನು ಬೀಳು ಬಿಟ್ಟಳು.

ಈ ಸಲ ಮಳೆಗಾಲ ಹಿಡಿಯುವ ಹೊತ್ತಿಗೆ ನಾನೇ ಅವಳ ಮನೆಗೆ ಹೋಗಿ, ಬೇಲಿಯ ಯಾವ ಕಡೆ ತಂತಿ ಸತ್ತರೂ ಕೂಡಲೇ ತಿಳಿಸುವ ಪೆಟ್ಟಿಗೆ ಮಾಡಿಕೊಡುತ್ತೇನೆ, ನೀನು ಒಟ್ಲು ಹಾಕು ಅಂದೆ. ಒಟ್ಲು ಎಂದರೆ ನಾಟಿಗೆ ಮುಂಚೆ ಪೈರು ಎಬ್ಬಿಸುವ ಮಡಿ.

ಅಕ್ಕ ನನ್ನ ಮುಖ ನೋಡಿದಳು. "ಒಟ್ಲು ಹಾಕ್ತೀನಿ. ಆದ್ರೆ ನಾಟಿ ಮಾಡೋದು ನಿನ್ ಪೆಟ್ಗೆ ನೋಡ್ಕಂಡೇ. ಪೈರು ಬಲಿಯೋ ಗಂಟ ನಿಂಗ್ ಟೈಮು. ಆಮೇಲೆ ಕಿತ್ತು ಯಾರ್ಗಾರ ಕೊಟ್ಬುಡ್ತೀನಿ, ಆ ಗದ್ದೆ ಕಡೆ ತಿರುಗೂ ನೋಡಕಿಲ್ಲ."

"ಆಯ್ತು ಅಕ್ಕಾ" ಅಂದೆ. ಅಷ್ಟು ಸುಲಭವಾಗಿ ಅಂದೆ.

ಬೋರ್ಡು ಬತ್ತೇರಿಯ ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಮೆಷಿನ್ನಿನ ಹೊಟ್ಟೆಯಿಂದ ಬಂದದ್ದು. ಅಂಗೈಯಗಲ, ಒಂದು ಮೆಮೊರಿ ಕಾರ್ಡ್ ತೂರಿಸುವ ಸಂದು, ಬದಿಯಲ್ಲಿ ಪಿನ್ನುಗಳ ಸಾಲು. ಅದಕ್ಕೆ ಹೊಂದುವ ಲಿನಕ್ಸ್ ನೆಟ್ಟಿನಲ್ಲಿ ಸಿದ್ಧವಾಗಿ ಸಿಗುತ್ತದೆ, ಇಳಿಸಿ ಕಾರ್ಡಿಗೆ ಹಾಕಿದೆ. ಬೇಲಿಯ ಆಚೆ ತುದಿಯಿಂದ ಒಂದು ತಂತಿ ವಾಪಸ್ ಎಳೆದು, ತಿರುಗಿ ಬರುವ ಕರೆಂಟಿನ ಏಟು ಎಷ್ಟಿದೆ ಎಂದು ಬೋರ್ಡು ಅಳೆಯುವಂತೆ ಮಾಡಿದೆ. ಏಟು ಇಳಿದರೆ ಹಾರ್ನು ಕೂಗಬೇಕು, ಜೊತೆಗೆ ಒಂದು ಸಿಮ್ ಇರುವ ಪುಟ್ಟ ಮೋಡೆಮ್ ನನಗೂ ಅಕ್ಕನಿಗೂ ಮಿಸ್ಡ್ ಕಾಲ್ ಕೊಡಬೇಕು. ಮೆಸೇಜು ಬೇಡ ಅಂದವಳು ಅಕ್ಕ. ಮೆಸೇಜು ಬಂದರೆ ಕನ್ನಡಕ ಹುಡುಕಬೇಕು, ಮಿಸ್ಡ್ ಕಾಲ್ ಆದರೆ ಸೊಂಟದಲ್ಲೇ ತಿಳಿಯುತ್ತದೆ.

ಮೊದಲ ದಿನ ಚೆನ್ನಾಗಿ ನಡೆಯಿತು. ಎರಡನೆಯ ದಿನವೂ. ಮೂರನೆಯ ಸಂಜೆ ಹಿಡಿ ಮೇಲೆತ್ತಿದರೆ ಬೋರ್ಡು ಏಳಲೇ ಇಲ್ಲ. ಕಾರ್ಡು ಕೆಟ್ಟಿದೆಯೆಂದು ಹೊಸದು ಹಾಕಿದೆ. ಅದೂ ಕೆಲವೇ ದಿನಕ್ಕೆ ಹೋಯಿತು. ಪಕ್ಕದ ಗದ್ದೆಯ ಚೇಟ್ಟನ್, ನನಗಿಂತ ಹಿರಿಯ ಮಲಯಾಳಿ, ದಾರಿಯಲ್ಲಿ ಸಿಕ್ಕಾಗಲೆಲ್ಲ "ಪಿನ್ನೇಂ ಚತ್ತೋ?" ಎಂದು ಕೇಳತೊಡಗಿದರು. ಮತ್ತೆ ಸತ್ತಿತಾ ಅಂತ. ಕೇಳುವಾಗ ಮುಖದಲ್ಲಿ ನಗು ಇಲ್ಲದಂತೆ ನೋಡಿಕೊಳ್ಳುತ್ತಿದ್ದರು. ಅದಕ್ಕೇ ನನಗೆ ಇನ್ನೂ ಉರಿಯುತ್ತಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಿದ್ಧ ಲಿನಕ್ಸು ಸುಮ್ಮನೆ ಕೂರುವುದಿಲ್ಲ, ಏನಾದರೊಂದನ್ನು ಕಾರ್ಡಿನಲ್ಲಿ ಬರೆಯುತ್ತಲೇ ಇರುತ್ತದೆ. ಬರೆಯುವಾಗ ಕರೆಂಟು ಹೋದರೆ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ, ಮಾರನೆಯ ದಿನ ತಾನು ಬರೆದದ್ದು ತನಗೇ ಓದಲಾಗುವುದಿಲ್ಲ. ನಮ್ಮವರು ದಿನಾ ಬೆಳಿಗ್ಗೆ ಹಿಡಿ ಎಳೆಯುತ್ತಿದ್ದಾರಲ್ಲ!

ಸರಿ, ಒಂದು ಗುಂಡಿ ಕೂರಿಸಿದೆ. ಮೊದಲು ಗುಂಡಿ ಒತ್ತಿ, ಹಸಿರು ಲೈಟು ಆರಿದ ಮೇಲೆ ಹಿಡಿ ಎಳೆಯಿರಿ ಎಂದು ಮಲಯಾಳದಲ್ಲೂ ಕನ್ನಡದಲ್ಲೂ ಬರೆದು ಅಂಟಿಸಿದೆ. ಯಾರೂ ಒತ್ತಲಿಲ್ಲ.

"ಮಳೇಲಿ ನೆನ್ಕಂಡು ಲೈಟ್ ಆರೋ ಗಂಟ ನಿಂತಿರಕ್ಕೆ ನಾನೇನ್ ಆಸ್ಪತ್ರೆ ಲಿಫ್ಟ್ ಹತ್ತಕ್ ಬಂದಿದೀನಾ?" ಎಂದು ಅಕ್ಕನೇ ಕೇಳಿದಳು.

ನನಗೂ ಹಟ ಬಂತು. ಹಿಡಿಯ ಸಹವಾಸವೇ ಬೇಡವೆಂದು ಬೋರ್ಡಿಗೆ ಬ್ಯಾಟರಿಯಿಂದ ನೇರವಾಗಿ ಬೇರೆ ತಂತಿ ಎಳೆದೆ. ಹಿಡಿ ಎಳೆದರೆ ಬೇಲಿ ಸಾಯುತ್ತದೆ, ಬೋರ್ಡು ಬದುಕಿರುತ್ತದೆ. ಹಿಡಿ ಕೆಳಗಿರುವಾಗ ಹಾರ್ನು ಕೂಗದಂತೆಯೂ ಮಾಡಿದೆ. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆಯಲಿಲ್ಲವಲ್ಲ ಎಂದುಕೊಂಡು, ಖುಷಿಯಾಗಿ ಮನೆಗೆ ಹೋಗಿ ಮಲಗಿದೆ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅಕ್ಕನ ಫೋನು.

"ಲೋ, ಬಾ ಇಲ್ಲಿ. ಬಯಲಿಗ್ ಯಾರೂ ಇಳೀತಿಲ್ಲ."

ಹೋಗಿ ನೋಡಿದರೆ ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ, ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದ್ದು. ಚೇಟ್ಟನ್ ಅವತ್ತು ನಾಟಿಗೆಂದು ಆಳು ಕರೆದುಕೊಂಡು ಬಂದಿದ್ದರು. ಆಳುಗಳು ಪೈರಿನ ಕಟ್ಟು ಕೆಳಗಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೆ. ಅಕ್ಕ ಪೆಟ್ಟಿಗೆಯ ಬಾಗಿಲು ತೆಗೆದು ಅದರ ಮುಂದೆ ಪಹರೆಯವಳ ಹಾಗೆ ನಿಂತಿದ್ದಳು.

"ಹಿಡಿ ಕೆಳಗದೆ. ಒಳಗೆ ಲೈಟು ಉರೀತಾ ಅದೆ. ಎರಡ್ರಲ್ಲಿ ಯಾವುದ್ಲಾ ಸುಳ್ಳು?"

"ಎರಡೂ ಸುಳ್ಳಲ್ಲ ಅಕ್ಕಾ. ಬೇಲಿ ಸತ್ತೋಗದೆ. ಈ ಲೈಟು ನನ್ ಬೋರ್ಡುದ್ದು, ಅದು ಬೇರೆ ಲೈನು."

"ಬೇರೆ ಲೈನು ಅಂತ ನಿಂಗ್ ಗೊತ್ತು. ನೀರೊಳಗಿರೋ ಕಾಲಿಗ್ ಗೊತ್ತಾ?"

ನಾನು ಹೋಗಿ ಎಲ್ಲರೆದುರಿಗೆ ಬೇಲಿಯ ತಂತಿಯನ್ನು ಬರಿಗೈಯಲ್ಲಿ ಹಿಡಿದು ನಿಂತೆ.

"ನೋಡಿ. ಏನಾದ್ರೂ ಆಯ್ತಾ?"

"ನೀನು ದಿನಾ ಹೊಡೆಸ್ಕಂಡು ಹೊಡೆಸ್ಕಂಡು ಮೈ ಮರಗಟ್ಟದೆ," ಅಂದಳು ಅಕ್ಕ. "ನಿನ್ ಕೈ ಲೆಕ್ಕಕ್ಕಿಲ್ಲ."

ಬದುವಿನ ಮೇಲಿದ್ದವರೆಲ್ಲ ನಕ್ಕರು. ಚೇಟ್ಟನ್ನೂ ನಕ್ಕು, ನನ್ನ ಹೆಗಲ ಮೇಲೆ ಕೈಯಿಟ್ಟು, "ಮೋನೇ, ಆ ಲೈಟೊಂದು ಆರಿಸು. ಆಳುಗಳಿಗೆ ಕೂಲಿ ಓಡ್ತಾ ಅದೆ" ಎಂದು ಮೆಲ್ಲಗೆ ಹೇಳಿದರು. ನಾನು ಹೊಸ ತಂತಿಯನ್ನು ಕಿತ್ತೆ. ಲೈಟು ಆರಿತು. ಅಕ್ಕ ಇನ್ನೊಮ್ಮೆ ಒಳಗೆ ಇಣುಕಿ ನೋಡಿ ಕೂಗು ಹಾಕಿದಳು, ಜನ ಇಳಿದರು.

ಅಂಗಡಿಗೆ ಹೋಗುವ ಮನಸ್ಸಾಗದೆ ಮನೆಗೆ ಹೋದೆ. ಹೆಂಡತಿ ಅಂಗಳದಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದಳು. ಅವಳ ಮುಂದೆ ಕೂತು ಊರವರಿಗೆಲ್ಲ ಬೈದೆ. ಬೆಳಕು ಕಂಡರೆ ಹೆದರುವವರು, ಗುಂಡಿ ಒತ್ತಲು ಬಾರದವರು, ಇವರಿಗೆ ನಾನು ಏನು ಮಾಡಿಕೊಡಲಿ ಎಂದು. ಅವಳು ಎಣ್ಣೆ ಹಚ್ಚಿದ ಕೈಯಲ್ಲಿ ತೊಳೆ ಕೀಳುತ್ತಲೇ ಎಲ್ಲ ಕೇಳಿದಳು.

"ಆ ಲೈಟ್ ನಂಬ್ಕಂಡೇ ಅಲ್ವಾ ಅತ್ತಿಗೆ ಗದ್ದೆ ಹೋಗಿದ್ದು? ಅವ್ರು ಹಿಡಿ ಎಳೆಯೋದ್ ಬುಡಕಿಲ್ಲ," ಅಂದಳು. "ನಿಮ್ ಡಬ್ಬಕ್ಕೇ ಸಾಯೋದ್ ಕಲಿಸಿ."

ನಾನು ಒಂದು ತೊಳೆ ಬಾಯಿಗೆ ಹಾಕಿಕೊಂಡು ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ದಿನಾ ಬೆಳಿಗ್ಗೆ ಹೇಳದೆ ಕೇಳದೆ ಕೊಲ್ಲುತ್ತಾರೆ, ಸಂಜೆ ಏನೂ ಆಗದ ಹಾಗೆ ಏಳಬೇಕು. ಹಾಗಿದ್ದರೆ ಅದು ಯಾವತ್ತೂ ಏನನ್ನೂ ಬರೆಯಬಾರದು.

ಲಿನಕ್ಸನ್ನು ಬೇಕಾದಷ್ಟೇ ಆರಿಸಿಕೊಂಡು ಮೊದಲಿನಿಂದ ಕಟ್ಟಿಕೊಳ್ಳಬಹುದು ಎಂದು ಓದಿದ್ದೆ, ನನಗೇಕೆ ಆ ತಂಟೆ ಎಂದು ಬಿಟ್ಟಿದ್ದೆ. ಈಗ ಕೂತೆ. ಮೋಟಾರ್ ಸುತ್ತುವ ಮೇಜಿನ ಒಂದು ಕೊನೆಯಲ್ಲಿ ತಾಮ್ರದ ತಂತಿಯ ಉರುಳೆ, ಇನ್ನೊಂದು ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಪರದೆಯ ಮೇಲೆ ಉದ್ದಕ್ಕೂ ಹೆಸರುಗಳು, ಪ್ರತಿ ಹೆಸರಿನ ಮುಂದೆ ಬೇಕೋ ಬೇಡವೋ ಎಂಬ ಚೌಕ. ಸೌಂಡು ಬೇಡ. ಪ್ರಿಂಟರು ಬೇಡ. ವೈಫೈ ಬೇಡ. ಅಳೆಯುವುದು, ಕೂಗುವುದು, ಮಿಸ್ಡ್ ಕಾಲ್ ಕೊಡುವುದು, ಇವುಗಳಿಗೆ ಬೇಕಾದ್ದು ಮಾತ್ರ ಇರಲಿ. ಎದ್ದ ಕೂಡಲೇ ಇಡೀ ಸಿಸ್ಟಮ್ಮನ್ನು ಕಾರ್ಡಿನಿಂದ ಮೆಮೊರಿಗೆ ಎತ್ತಿಕೊಂಡು, ಆಮೇಲೆ ಕಾರ್ಡಿನ ಗೊಡವೆಗೇ ಹೋಗದಂತೆ ಮಾಡುವ ಒಂದು ಚೌಕವೂ ಸಿಕ್ಕಿತು. ಅದಕ್ಕೆ ಗುರುತು ಹಾಕಿದೆ.

ಕಟ್ಟಲು ಹೇಳಿದರೆ ಆ ಲ್ಯಾಪ್‌ಟಾಪಿಗೆ ಇಡೀ ಹಗಲು ಬೇಕಿತ್ತು. ಪರದೆಯಲ್ಲಿ ಸಾಲುಗಳು ಹರಿಯುತ್ತಿದ್ದವು, ಫ್ಯಾನು ಕೊರಗುತ್ತಿತ್ತು. ಮಳೆಗೆ ಕರೆಂಟು ಹೋದರೆ ಮಧ್ಯಕ್ಕೇ ನಿಲ್ಲುತ್ತದೆಂದು ಅಂಗಡಿಯ ಇನ್ವರ್ಟರಿಗೆ ಜೋಡಿಸಿಟ್ಟು, ನಾನು ಪಂಪು ಬಿಚ್ಚುತ್ತಿದ್ದೆ. ಗಿರಾಕಿಗಳು "ಇದೇನು, ಸಿನಿಮಾ ಹೆಸರುಗಳಾ?" ಎಂದು ಕೇಳುತ್ತಿದ್ದರು.

ಸಂಜೆಗೆ ಮುಗಿಯಿತು. ಹಳೆಯದಕ್ಕೆ ಹೋಲಿಸಿದರೆ ಒಂದು ಹಿಡಿಯಷ್ಟೂ ಇಲ್ಲ. ಕಾರ್ಡಿಗೆ ಹಾಕಿ, ಬೋರ್ಡಿನ ಮೂರು ಪಿನ್ನಿನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದೆ. ಬೋರ್ಡು ಏಳುವಾಗ ಏನೇನು ಅನ್ನುತ್ತದೆಂದು ಆ ತಂತಿಯಲ್ಲಿ ಓದಬಹುದು. ಕರೆಂಟು ಕೊಟ್ಟೆ. ಕರ್ನಲ್ ಶುರುವಾಗುತ್ತಿದೆ ಎಂಬ ಒಂದು ಸಾಲು ಬಂತು. ಆಮೇಲೆ ಏನೂ ಇಲ್ಲ. ಕರ್ನಲ್ ಎಂದರೆ ಸಿಸ್ಟಮ್ಮಿನ ಜೀವಾಳ. ಅದೇ ಬಾಯಿ ಕಟ್ಟಿಕೊಂಡಿತು.

ಎರಡು ದಿನ ಅದರ ಹಿಂದೆಯೇ ಬಿದ್ದೆ. ಆ ಎರಡು ದಿನದಲ್ಲಿ ಅಕ್ಕನ ಒಟ್ಲು ನೋಡಿಕೊಂಡು ಬಂದೆ. ಪೈರು ಮೊಣಕಾಲು ಮುಟ್ಟಲು ಹೊರಟಿತ್ತು, ಬುಡ ಗಟ್ಟಿಯಾಗತೊಡಗಿತ್ತು. ಚೇಟ್ಟನ್ ತಮ್ಮ ಇನ್ನೊಂದು ಗದ್ದೆಗೆ ಪೈರು ಸಾಲದೆ ಅಕ್ಕನ ಒಟ್ಲನ್ನು ಕೇಳಿದ್ದರು. ಅಕ್ಕ ಅವರಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

"ಏನಂತದೆ ನಿನ್ ಕಂಪ್ಯೂಟ್ರು?"

"ಮಾತಾಡ್ತಿಲ್ಲ ಅಕ್ಕಾ."

"ಪೈರು ಮಾತಾಡ್ತಾ ಅದೆ. ಬಗ್ಗಿ ಕೇಳು."

ಇಂಥ ಬೋರ್ಡುಗಳ ಕೆಲಸ ಮಾಡುವವರು ಸೇರುವ ಒಂದು ಗುಂಪು ನೆಟ್ಟಿನಲ್ಲಿದೆ. ಅಲ್ಲಿ ಬರೆಯಲು ನನಗೆ ಇಷ್ಟವಿರಲಿಲ್ಲ, ಕೇಳಿದರೆ ಬಾರದವನು ಅಂದುಕೊಳ್ಳುತ್ತಾರಲ್ಲ ಎಂದು. ಅಕ್ಕನ ಮಾತು ಕೇಳಿ ಬಂದ ಮೇಲೆ ಬರೆದೆ, ತುಂಡು ತುಂಡು ಇಂಗ್ಲಿಷಿನಲ್ಲಿ. ಯಾವುದೋ ದೇಶದವನು, ನನ್ನ ವ್ಯಾಕರಣ ನೋಡದೆ, ಬೋರ್ಡಿನ ಹಿಂದೆ ಏನು ಅಚ್ಚಾಗಿದೆ ಓದು ಎಂದ. ತೆಳು ತಂತಿ ನೋಡುವ ಭೂತಗನ್ನಡಿ ಹಿಡಿದು ಓದಿದೆ. ಈ ಬೋರ್ಡಿನಲ್ಲಿ ಎರಡು ಬಗೆ ಬಂದಿವೆಯಂತೆ, ನನ್ನದು ಹಳೆಯ ಬಗೆ. ಯಾವ ಸಾಮಾನು ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಒಂದು ಫೈಲು ಇರುತ್ತದೆ. ನಾನು ಕೊಟ್ಟದ್ದು ಹೊಸ ಬಗೆಯದು. ಬೇರೆಯವರ ಮನೆಯ ನಕ್ಷೆ ಹಿಡಿದು ನಮ್ಮ ಮನೆಯಲ್ಲಿ ಬಾಗಿಲು ಹುಡುಕಿದ ಹಾಗಾಗಿತ್ತು. ಫೈಲು ಬದಲಿಸಿದೆ.

ಸಾಲುಗಳು ಹರಿದವು! ನಾನು ಅಂಗಡಿಯಲ್ಲಿ ಎದ್ದು ನಿಂತೆ. ಊಟ ತಂದಿದ್ದ ಹೆಂಡತಿಯೂ ಬಂದು ನೋಡಿದಳು. ಹರಿದು ಹರಿದು ಕೊನೆಗೆ ಒಂದು ಸಾಲಿನಲ್ಲಿ ನಿಂತವು. ಅದರಲ್ಲಿ ನನಗೆ ಗೊತ್ತಿದ್ದ ಪದ ಒಂದೇ, ಪ್ಯಾನಿಕ್.

"ಪ್ಯಾನಿಕ್ ಅಂದ್ರೆ ಗಾಬರಿ ಅಲ್ವಾ? ಅದ್ಯಾಕ್ ಗಾಬರಿ ಆಯ್ತು?" ಎಂದು ಕೇಳಿದಳು.

"ಹೊರಡೋಕೆ ಎದ್ದದೆ, ಗಂಟು ಎಲ್ಲಿಟ್ಟಿದೀನಿ ಅಂತ ಕಾಣ್ತಿಲ್ಲ."

"ನಿಮ್ದೇ ಮಗು, ಬಿಡಿ" ಅಂದು ಬುತ್ತಿ ಬಿಚ್ಚಿದಳು.

ಮೆಮೊರಿಗೆ ಎತ್ತಿಕೊಳ್ಳಬೇಕಾದ ಗಂಟಿನ ಹೆಸರನ್ನು ಬೂಟ್ ಮಾಡುವ ಸಾಲಿನಲ್ಲಿ ಬರೆಯಲು ಮರೆತಿದ್ದೆ, ಅಷ್ಟೆ. ಊಟ ಆರುವ ಮೊದಲೇ ಅದನ್ನು ಬರೆದು ಮತ್ತೆ ಕರೆಂಟು ಕೊಟ್ಟೆ. ಈ ಸಲ ಸಾಲುಗಳು ಗಾಬರಿಯಿಲ್ಲದೆ ಇಳಿದು ಬಂದು, ಕೊನೆಯಲ್ಲಿ ಒಂದು ಚಿಹ್ನೆ ಮಿಣುಕುತ್ತ ನಿಂತಿತು, ಏನು ಬೇಕು ಹೇಳು ಅನ್ನುವಂತೆ. ಮೊದಲಿನದು ಏಳುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು, ಇದು ಕಡ್ಡಿ ಗೀರುವಷ್ಟರಲ್ಲಿ ಎದ್ದಿತ್ತು. ಏಳನೇ ಕ್ಲಾಸಿನವನ ಲಿನಕ್ಸು ಎಂದು ನನಗೆ ನಾನೇ ಹೇಳಿಕೊಂಡೆ. ಜೋರಾಗಿಯೇ ಹೇಳಿಕೊಂಡಿರಬೇಕು. ಹೆಂಡತಿ "ಮೊದ್ಲು ಕೈ ತೊಳ್ಕೊಂಡ್ ಬನ್ನಿ" ಅಂದಳು.

ಅಂಗಡಿಯಲ್ಲಿ ಎದ್ದರೆ ಸಾಲದು, ಅಕ್ಕನ ಮುಂದೆ ಏಳಬೇಕು. ಮರುದಿನ ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿನಲ್ಲಿ ಬೋರ್ಡನ್ನು ಪೆಟ್ಟಿಗೆಯಲ್ಲಿ ಕೂರಿಸಿದೆ. ಹಿಡಿಯ ಆಚೆಗೇ ಕೂರಿಸಿದೆ, ಎಳೆದರೆ ಒಳಗೆ ಒಂದು ಚುಕ್ಕಿ ಬೆಳಕೂ ಉಳಿಯದ ಹಾಗೆ. ಬಯಲಿನಲ್ಲಿದ್ದವರನ್ನೆಲ್ಲ ಬದುವಿಗೆ ಹತ್ತಿಸಿ, ಬೇಲಿ ಎದ್ದಿದೆಯೆಂದು ಕೂಗಿ, ಹಿಡಿ ಮೇಲೆತ್ತಿದೆ. ಹಾರ್ನು ಒಮ್ಮೆ ಕುಂಯ್ ಎಂದಿತು; ಎದ್ದಿದ್ದೇನೆ ಅನ್ನಲು ನಾನು ಇಟ್ಟ ಗುರುತು ಅದು.

"ಸರಿ, ಸರಿ" ಅಂದ ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಡಿಯನ್ನು ಎಳೆದಳು. ನೂಕಿದಳು. ಹಾರ್ನು ಕುಂಯ್ ಅನ್ನುವುದರೊಳಗೇ ಮತ್ತೆ ಎಳೆದಳು. ಉಸಿರು ಬಿಡಲು ಕೊಡದೆ ಎಳೆದು ನೂಕಿ, ನೂಕಿ ಎಳೆದು, ಹಳೆಯ ಜಗಳ ತೀರಿಸುವವಳ ಹಾಗೆ. ನೋಡುತ್ತಿದ್ದವರಿಗೆ ನಗು. ಕೊನೆಗೆ ದಣಿದು, ಹಿಡಿಯನ್ನು ಮೇಲಿಟ್ಟು ಬಿಟ್ಟಳು. ಕುಂಯ್.

"ಕೊಂದ್ರೂ ಸಾಯಕಿಲ್ವಲ್ಲಾ ಇದು," ಅಂದಳು.

"ಸಾಯ್ತದೆ ಅಕ್ಕಾ. ಆದ್ರೆ ಸತ್ತೇ ಇರಕಿಲ್ಲ."

ಅವಳು ಅದಕ್ಕೂ ಒಪ್ಪಲಿಲ್ಲ. ಕಾಲಿಗೆ ಗಂಬೂಟು ಹಾಕಿಕೊಂಡು, ಒಣ ಬಿದಿರಿನ ಗಳುವಿನ ತುದಿಗೆ ಹಸಿ ಕೊಂಬೆಯೊಂದನ್ನು ಸಿಕ್ಕಿಸಿಕೊಂಡು, ತೋಡು ದಾಟಿ ಬೇಲಿಯ ಆಚೆ ತುದಿಗೆ ನಡೆದಳು. ಮರ ಬಿದ್ದಿದ್ದ ಜಾಗಕ್ಕೇ. ನಾನು ಪೆಟ್ಟಿಗೆಯ ಹತ್ತಿರ ನಿಂತೆ. ಅವಳು ದೂರದಲ್ಲಿ ಗಳು ಎತ್ತುವುದು ಕಂಡಿತು. ಕೊಂಬೆ ತಂತಿಯ ಮೇಲೆ ಕೂತು ನೆಲ ಮುಟ್ಟಿತು. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಆಮೇಲೆ ಹಾರ್ನು ಬಯಲಿನಲ್ಲೆಲ್ಲ ಕೂಗಿಕೊಂಡಿತು, ನನ್ನ ಜೇಬಿನಲ್ಲಿ ಫೋನು ಒಮ್ಮೆ ಬಡಿದು ನಿಂತಿತು. ಆಚೆ ತುದಿಯಲ್ಲಿ ಅಕ್ಕ ಗಳುವನ್ನು ಕಂಕುಳಲ್ಲಿ ಇರುಕಿಕೊಂಡು ಸೊಂಟದ ಚೀಲಕ್ಕೆ ಕೈ ಹಾಕಿದಳು. ಫೋನನ್ನು ತೆಗೆದು ನೋಡಿದಳು. ಬಹಳ ಹೊತ್ತು ನೋಡಿದಳು.

ವಾಪಸ್ ಬಂದವಳು ನನ್ನ ಹತ್ತಿರ ನಿಲ್ಲದೆ ಚೇಟ್ಟನ್ ಹತ್ತಿರ ಹೋದಳು. "ಚೇಟ್ಟಾ, ಪೈರು ಕೊಡಕಾಗಕಿಲ್ಲ. ನಂಗೇ ಬೇಕು." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಅಂಗಡಿ ಮುಚ್ಚು. ನಿನ್ ಹೆಂಡ್ತಿನೂ ಕರ್ಕಂಡ್ ಬಾ."

ಮಾರನೆಯ ದಿನ ನಾಟಿ. ಪೈರು ನಿಜವಾಗಿಯೂ ಬಲಿತಿತ್ತು. ಅಕ್ಕ ಕಟ್ಟುಗಳ ತುದಿಯನ್ನು ಕುಡುಗೋಲಿನಿಂದ ಕತ್ತರಿಸಿ, ಒಂದೊಂದು ಕಡೆ ನಾಲ್ಕೈದು ಕಡ್ಡಿ ಸೇರಿಸಿ ನೆಡಿ ಎಂದು ಎಲ್ಲರಿಗೂ ಹೇಳಿದಳು. ಮೂರು ವರ್ಷ ಬೀಳಾಗಿದ್ದ ನೆಲ, ಕಾಲಿಟ್ಟರೆ ಮೊಣಕಾಲಿನ ತನಕ ಒಳಗೆಳೆಯುತ್ತಿತ್ತು. ಕೂದಲೆಳೆಯಂಥ ತಂತಿಯನ್ನು ಬೆರಳಂಚಿನಲ್ಲಿ ಸುತ್ತುವ ನನ್ನ ಕೈಗೆ ಪೈರು ನೇರ ನಿಲ್ಲಿಸಲು ಬರಲಿಲ್ಲ.

"ನಿನ್ ಸಾಲು ನೋಡ್ಲಾ, ಕೇರೆಹಾವು ಹರ್ದಂಗದೆ!" ಎಂದು ಅಕ್ಕ ಆ ಕಡೆಯಿಂದ ಕೂಗಿದಳು. ಹೆಂಡತಿ ನನ್ನ ಹಿಂದೆಯೇ ಬಂದು ಅರ್ಧ ಕಿತ್ತು ಮತ್ತೆ ನೆಟ್ಟಳು.

ಪೈರು ಈಗ ಬೇರು ಹಿಡಿದು ಹಸಿರಾಗಿದೆ. ತೆನೆ ಬರಲು ಇನ್ನೂ ತಿಂಗಳುಗಳಿವೆ. ಆನೆ ಬರುತ್ತದೆ, ಬಾರದೆ ಇರುವುದಿಲ್ಲ. ಮೊನ್ನೆ ಮೋಡ ಕವಿದ ಸಂಜೆ, ಆಗತಾನೇ ಬೇಲಿ ಎಬ್ಬಿಸಿದ ಹೊತ್ತು, ಅಂಗಡಿಯಲ್ಲಿ ಮೋಟಾರಿನ ಕೊನೆಯ ಸುತ್ತು ಹಾಕುತ್ತಿದ್ದಾಗ ಫೋನು ಒಮ್ಮೆ ಬಡಿದು ನಿಂತಿತು. ಪೆಟ್ಟಿಗೆಯ ನಂಬರು. ಅರ್ಧ ಶಟರ್ ಎಳೆದು, ಬೈಕು ತೆಗೆದು ಹೊರಟೆ. ಬಯಲಿನ ತಿರುವು ದಾಟುವಷ್ಟರಲ್ಲಿ ಮತ್ತೆ ಒಮ್ಮೆ ಬಡಿದು ನಿಂತಿತು. ಬೈಕು ನಿಲ್ಲಿಸಿ ನೋಡಿದರೆ ಅಕ್ಕನ ನಂಬರು. ಬೇಲಿ ಸರಿಹೋಯಿತು, ನೀನು ಬರಬೇಕಾಗಿಲ್ಲ ಎಂಬುದಕ್ಕೆ ನಾವು ಇಟ್ಟುಕೊಂಡ ಗುರುತು ಅದು; ತಂತಿಗೆ ಹಬ್ಬಿದ ಬಳ್ಳಿಯನ್ನು ಹಿಡಿ ಎಳೆದು ಅವಳೇ ಕಡಿದು ಹಾಕಿದ್ದಳಂತೆ. ನಾನು ಅಲ್ಲಿಂದಲೇ ಬೈಕು ತಿರುಗಿಸಿದೆ. ಮೋಟಾರಿನವನು ಕಾಯುತ್ತಿದ್ದ.